ಜ್ವರಕ್ಕೆ ಇವತ್ತು ಎಷ್ಟನೇ ದಿನ?

ಓದುಗರ ಪ್ರಶ್ನೆ, ತಜ್ಞರ ಉತ್ತರ: ಸಾಂಕ್ರಾಮಿಕ ರೋಗ ಪತ್ತೆ ಮತ್ತು ಸರ್ಕಾರಿ ಪ್ರಯೋಗಾಲಯ

ಪ್ರಶ್ನೆ: ನಮ್ಮದು ಮಲೆನಾಡಿನ ಕಾಡಂಚಿನ ಊರು. ಪಕ್ಕದ ಮನೆಯ ಹುಡುಗನಿಗೆ ಜ್ವರ ಬಂದ ಮರುದಿನವೇ ಮಂಗನ ಕಾಯಿಲೆ ಪರೀಕ್ಷೆಗೆ ರಕ್ತ ತೆಗೆದರು, ನೆಗೆಟಿವ್ ಬಂತು. ಜ್ವರ ಬಿಡಲಿಲ್ಲ. ನಾಲ್ಕೈದು ದಿನ ಬಿಟ್ಟು ಆಶಾ ಕಾರ್ಯಕರ್ತೆ ಬಂದು ಮತ್ತೆ ರಕ್ತ ಕೊಡಬೇಕು ಅಂದರು. ಮೊದಲನೇ ರಿಪೋರ್ಟು ತಪ್ಪಾಗಿತ್ತೆ?

ಉತ್ತರ: ತಪ್ಪಾಗಿತ್ತು ಅಂತಲ್ಲ. ಮತ್ತೆ ರಕ್ತ ಕೇಳಿದ್ದು ಸರಿಯಾದ ಕೆಲಸ, ದಯವಿಟ್ಟು ಕೊಡಿಸಿ. ಜ್ವರ ಶುರುವಾದ ಮೊದಲ ದಿನಗಳಲ್ಲಿ ಈ ವೈರಸ್ ರಕ್ತದಲ್ಲಿರುತ್ತದೆ. ಆಗ ಆರ್‌ಟಿ-ಪಿಸಿಆರ್ ಮಾಡಿದರೆ ವೈರಸ್ಸೇ ಸಿಗುತ್ತದೆ. ದಿನ ಕಳೆದಂತೆ ರಕ್ತದಲ್ಲಿ ವೈರಸ್ ಇಳಿಯುತ್ತದೆ, ದೇಹ ತಯಾರಿಸುವ ಐಜಿಎಂ ಪ್ರತಿಕಾಯ ಏರುತ್ತದೆ. ಸುಮಾರು ಐದನೇ ದಿನದಿಂದಾಚೆ ಅದನ್ನು ಎಲಿಸಾ ಪರೀಕ್ಷೆಯಲ್ಲಿ ಹುಡುಕುತ್ತಾರೆ. ಎರಡನೇ ದಿನದ ರಕ್ತದಲ್ಲಿ ಐಜಿಎಂ ಹುಡುಕಿದರೂ ಸಿಗದು, ಮೂರನೇ ವಾರದ ರಕ್ತದಲ್ಲಿ ವೈರಸ್ ಹುಡುಕಿದರೂ ಸಾಮಾನ್ಯವಾಗಿ ಸಿಗದು. ಅದಕ್ಕೇ ಫಾರಂನಲ್ಲಿ ‘ನಾಲ್ಕು ದಿನದಿಂದ ಜ್ವರ’ ಎಂದು ಬರೆಸಬೇಡಿ, ಜ್ವರ ಶುರುವಾದ ತಾರೀಖನ್ನೇ ಬರೆಸಿ. ಆ ಒಂದು ಸಾಲು ಖಾಲಿ ಇದ್ದರೆ ಯಾವ ಪರೀಕ್ಷೆಗೆ ಹಾಕಬೇಕು, ಬಂದ ನೆಗೆಟಿವ್ ಅನ್ನು ಎಷ್ಟು ನಂಬಬೇಕು, ಎರಡೂ ಲ್ಯಾಬಿನವರಿಗೆ ತಿಳಿಯುವುದಿಲ್ಲ.

ರಕ್ತ ಸಾಗಿಸುವಾಗಲೂ ಕೆಡುತ್ತದೆ. ದೊಡ್ಡವರಿಂದ 4-5 ಮಿಲಿ ರಕ್ತವನ್ನು ಕೆಂಪು ಮುಚ್ಚಳದ ಟ್ಯೂಬಿಗೆ ತೆಗೆದು, ಅರ್ಧ ಗಂಟೆ ಅಲುಗಿಸದೆ ನಿಲ್ಲಿಸಿ, ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವವಾದ ಸೀರಂ ಬೇರೆ ಮಾಡಿ, 2ರಿಂದ 8 ಡಿಗ್ರಿ ತಂಪಿನಲ್ಲಿ ಕಳಿಸಬೇಕು. ಸೀರಂ ಬೇರೆ ಮಾಡದ ಟ್ಯೂಬು ಐಸಿಗೆ ಒತ್ತಿಕೊಂಡು ಹಿಮಗಟ್ಟಿದರೆ ಕೆಂಪು ರಕ್ತಕಣ ಒಡೆದು ಸೀರಂ ಕೆಂಪಾಗುತ್ತದೆ. ಸೋರಿದ ಹಿಮೋಗ್ಲೋಬಿನ್ ಪಿಸಿಆರ್‌ಗೆ ಅಡ್ಡಿ, ಇರುವ ವೈರಸ್ಸೂ ಕಾಣದೆ ಹೋಗಬಹುದು. ಟ್ಯೂಬಿಗೆ ಹತ್ತಿ ಸುತ್ತಿ, ಸೋರದ ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ತಂಪು ಪೆಟ್ಟಿಗೆಯಲ್ಲಿ ಇಡುವ ಮೂರು ಸುತ್ತಿನ ಪ್ಯಾಕಿಂಗ್ ದಾರಿಯಲ್ಲಿ ಹೊತ್ತು ತರುವವರ ರಕ್ಷಣೆಗೂ ಬೇಕು.

ಈ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾಯಿತು. ವೈರಸ್ಸನ್ನು ಪತ್ತೆಹಚ್ಚಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ, ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯ ಇರುವುದೂ ಇದಕ್ಕಾಗಿಯೇ. ದರಗು ಗುಡಿಸುವವರಿಗೆ, ಸೊಪ್ಪು ತರುವವರಿಗೆ, ದನ ಮೇಯಿಸುವವರಿಗೆ ಬರುವ ಕಾಯಿಲೆಯ ಪರೀಕ್ಷೆಯಲ್ಲಿ ವ್ಯಾಪಾರಕ್ಕೆ ಲಾಭವಿಲ್ಲ, ಆ ಹೊಣೆ ಸರ್ಕಾರದ್ದೇ. ಸತ್ತ ಮಂಗನ ಅಂಗಾಂಶ, ಈ ಕಾಯಿಲೆ ಹರಡುವ, ಕಾಡಿನಿಂದ ಹಿಡಿದು ತಂದ ಉಣುಗು ಕೂಡ ಇಂಥ ಲ್ಯಾಬಿನಲ್ಲೇ ಪರೀಕ್ಷೆಯಾಗುತ್ತವೆ. ಆದ್ದರಿಂದ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರ ಹೋಗಬೇಡಿ. ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಳಿ.

ಪ್ರಶ್ನೆ: ಡೆಂಗಿ ಕಾರ್ಡ್ ಟೆಸ್ಟ್ ಖಾಸಗಿಯಲ್ಲಿ ಅರ್ಧ ಗಂಟೆಗೆ ಆಗುತ್ತದೆ. ಸರ್ಕಾರಿ ಲ್ಯಾಬಿನಲ್ಲಿ ಎರಡು ಮೂರು ದಿನ ಯಾಕೆ?

ಉತ್ತರ: ಎಲಿಸಾ ನಡೆಯುವುದು 96 ಗುಳಿಗಳ ಪ್ಲೇಟಿನಲ್ಲಿ. ಪ್ರತಿ ಸಲವೂ ಕೆಲವು ಗುಳಿಗಳನ್ನು ಕಂಟ್ರೋಲ್‌ಗೆ, ಅಂದರೆ ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ತಾಳೆ ನೋಡಲು, ಬಿಡಬೇಕು, ಕೆಲಸಕ್ಕೆ ಹಲವು ಗಂಟೆ ಹಿಡಿಯುತ್ತದೆ. ನಾಲ್ಕು ಸ್ಯಾಂಪಲ್ ಬಂದಾಗಲೆಲ್ಲ ಹಾಕುತ್ತಾ ಹೋದರೆ ಕಿಟ್ಟು ಬೇಗ ಮುಗಿಯುತ್ತದೆ, ಹಾಗಾಗಿ ಒಂದಿಷ್ಟು ಸೇರಲಿ ಎಂದು ಕಾಯುತ್ತಾರೆ. ಜನರಿಗೆ ಇದರಿಂದ ಕಷ್ಟವಾಗುವುದು ನಿಜ. ಮಳೆಗಾಲದಲ್ಲಿ ದಿನಾ ಒಂದು ಸುತ್ತು ಹಾಕಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಆದರೂ ಕಾರ್ಡಿನ ಫಲಿತಾಂಶವನ್ನು ಸರ್ಕಾರ ಖಚಿತ ಡೆಂಗಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಎಲಿಸಾವನ್ನೇ ಕೇಳುತ್ತದೆ. ಮೊದಲ ಐದು ದಿನ ಡೆಂಗಿ ವೈರಸ್ಸಿನದೇ ಪ್ರೋಟೀನಾದ ಎನ್‌ಎಸ್1, ಆಮೇಲೆ ಐಜಿಎಂ ಹುಡುಕುತ್ತಾರೆ. ಕಾರ್ಡಿನಲ್ಲಿ ಐಜಿಜಿ (ಬಹುಕಾಲ ಉಳಿಯುವ ಪ್ರತಿಕಾಯ) ಗೆರೆ ಮಾತ್ರ ಮೂಡಿದ್ದರೆ ಅದು ಹಳೆಯ ಸೋಂಕಿನದೂ ಇರಬಹುದು. ಚಿಕಿತ್ಸೆ ಮಾತ್ರ ರಿಪೋರ್ಟಿಗೆ ಕಾಯಕೂಡದು. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಹೆಚ್ಚು ಅಪಾಯದ್ದು.

ಪ್ರಶ್ನೆ: ಅಮ್ಮನಿಗೆ ಮೂರು ವಾರದಿಂದ ಕೆಮ್ಮು. ಕೊಟ್ಟ ಕಫವನ್ನು ‘ಇದು ಎಂಜಲು’ ಎಂದು ವಾಪಸ್ ಕಳಿಸಿದರು. ಹೇಗೆ ಕೊಡಬೇಕು?

ಉತ್ತರ: ವಾಪಸ್ ಕಳಿಸಿದ್ದೇ ಒಳ್ಳೆಯದಾಯಿತು. ಎಂಜಲನ್ನೇ ಪರೀಕ್ಷಿಸಿ ‘ಟಿಬಿ ಇಲ್ಲ’ ಎಂದಿದ್ದರೆ ನೀವು ನಂಬಿ ಸುಮ್ಮನಾಗುತ್ತಿದ್ದಿರಿ.

ಬೆಳಿಗ್ಗೆ ಎದ್ದ ತಕ್ಷಣದ ಕಫ ಎಲ್ಲಕ್ಕಿಂತ ಒಳ್ಳೆಯದು. ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಲಿ. ಹಿತ್ತಲಿನಂಥ ಬಯಲು ಜಾಗದಲ್ಲಿ, ಎದುರಿಗೆ ಯಾರೂ ಇಲ್ಲದಂತೆ ನಿಲ್ಲಲಿ. ಎರಡು ಸಲ ಆಳವಾಗಿ ಉಸಿರೆಳೆದು, ಹಿಡಿದು, ಬಿಟ್ಟು, ಮೂರನೇ ಸಲ ಎಳೆದ ಉಸಿರನ್ನು ಎದೆಯಾಳದಿಂದ ಜೋರು ಕೆಮ್ಮಿನೊಂದಿಗೆ ಹೊರಹಾಕಿ ಡಬ್ಬಿಗೆ ಉಗುಳಲಿ. 2ರಿಂದ 5 ಮಿಲಿ, ಅಂದರೆ ಅರ್ಧದಿಂದ ಒಂದು ಟೀ ಚಮಚ ಸಾಕು. ಕಫ ದಪ್ಪಗೆ, ಅಂಟಂಟಾಗಿ, ಹಳದಿಯಾಗಿರುತ್ತದೆ. ಎಂಜಲು ತೆಳ್ಳಗೆ, ನೊರೆನೊರೆ. ಮುಚ್ಚಳ ಬಿಗಿ ಮಾಡಿ, ಹೆಸರನ್ನು ಮುಚ್ಚಳದ ಮೇಲಲ್ಲ, ಡಬ್ಬಿಯ ಮೈಮೇಲೆ ಬರೆಯಿರಿ. ಲ್ಯಾಬಿನಲ್ಲಿ ಮುಚ್ಚಳ ಬೇರೆಯಾಗುತ್ತದೆ.

ಮೈಕ್ರೋಸ್ಕೋಪಿನಲ್ಲಿ ಟಿಬಿ ಕಾಣಬೇಕಾದರೆ ಒಂದು ಮಿಲಿ ಕಫದಲ್ಲಿ 5,000ದಿಂದ 10,000 ಬ್ಯಾಕ್ಟೀರಿಯಾ ಇರಬೇಕು. ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಸಿಬಿನಾಟ್ ಯಂತ್ರಕ್ಕೆ ಸುಮಾರು 130 ಸಾಕು. ಟಿಬಿಯ ರಿಫಾಂಪಿಸಿನ್ ಔಷಧಿ ನಾಟುತ್ತದೋ ಇಲ್ಲವೋ ಎಂಬುದನ್ನೂ ಅದು ಸುಮಾರು ಎರಡು ಗಂಟೆಯಲ್ಲಿ ಹೇಳುತ್ತದೆ. ಬ್ಯಾಟರಿಯಲ್ಲಿ ನಡೆಯುವ ಟ್ರೂನ್ಯಾಟ್ ಕೂಡ ಇದೇ ಬಗೆಯದು. ಆದ್ದರಿಂದ ಸ್ಮಿಯರ್ (ಮೈಕ್ರೋಸ್ಕೋಪಿನ ಪರೀಕ್ಷೆ) ನೆಗೆಟಿವ್ ಬಂದು ಕೆಮ್ಮು ನಿಲ್ಲದಿದ್ದರೆ ‘ಸಿಬಿನಾಟ್ ಅಥವಾ ಟ್ರೂನ್ಯಾಟ್ ಆಗಿದೆಯೇ’ ಎಂದು ಕೇಳಿ. ಸರ್ಕಾರಿ ಕೇಂದ್ರದಲ್ಲಿ ಅದು ಉಚಿತ. ಆದರೆ ಚಿಕಿತ್ಸೆ ನಡೆಯುತ್ತಿರುವಾಗ ಗುಣವಾಗುತ್ತಿದೆಯೇ ಎಂದು ನೋಡಲು ಈ ಯಂತ್ರ ಬೇಡ, ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಗೂ ಪಾಸಿಟಿವ್ ಎನ್ನುತ್ತದೆ.

ಪ್ರಶ್ನೆ: ವೈಡಾಲ್ ರಕ್ತಪರೀಕ್ಷೆ ಪಾಸಿಟಿವ್ ಇದೆ. ಟೈಫಾಯ್ಡ್ ಖಚಿತವೇ?

ಉತ್ತರ: ಒಂದೇ ವೈಡಾಲ್ ನಂಬಿ ಹೇಳಲಾಗದು, ಹಳೆಯ ಸೋಂಕಿಗೂ ಲಸಿಕೆಗೂ ಪಾಸಿಟಿವ್ ಬರುತ್ತದೆ. ಮೊದಲ ವಾರದಲ್ಲಿ, ಆ್ಯಂಟಿಬಯೋಟಿಕ್ ಶುರುಮಾಡುವ ಮೊದಲು ರಕ್ತದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿ. ದೊಡ್ಡವರಿಗೆ 8-10 ಮಿಲಿ ಬೇಕು, ‘ಇಷ್ಟೊಂದು ರಕ್ತವೇ’ ಎಂದು ಹೆದರಬೇಡಿ. ಒಂದು ಮಿಲಿಯಲ್ಲಿ ಒಂದೇ ಬ್ಯಾಕ್ಟೀರಿಯಾ ಇರುವುದೂ ಉಂಟು, ರಕ್ತ ಕಡಿಮೆಯಾದರೆ ತಪ್ಪಿಹೋಗುತ್ತದೆ. ಕಲ್ಚರ್‌ಗೆ ರಕ್ತ ಹಾಕಿದ ಬಾಟಲಿ ನಿಮ್ಮ ಕೈಗೆ ಕೊಟ್ಟು ಲ್ಯಾಬಿಗೆ ಒಯ್ಯಲು ಹೇಳಿದರೆ ಫ್ರಿಜ್ಜಿನಲ್ಲಿ ಇಡಬೇಡಿ, ಹಾಗೇ ಒಯ್ಯಿರಿ.