ಎಚ್‌ಆರ್ ಉತ್ತರಕ್ಕೆ ಕಾಯುತ್ತಿದ್ದೀರಾ? ಮೊದಲು ದಿನ ಎಣಿಸಿ

ನಿಮ್ಮ ಪ್ರಶ್ನೆ ಇಷ್ಟು: ಅಮೆರಿಕದಲ್ಲಿ ಕೆಲಸ. ಬೇರೆ ದೇಶದವರು ಅನ್ನೋ ಕಾರಣಕ್ಕೆ ಬಡ್ತಿ ತಪ್ಪಿಸಿದರು ಎಂದು ನಿಮಗೆ ಅನ್ನಿಸುತ್ತಿದೆ. ಎಚ್‌ಆರ್‌ಗೆ ದೂರು ಕೊಟ್ಟು ನಾಲ್ಕು ತಿಂಗಳಾಯಿತು, ಕೇಳಿದಾಗೆಲ್ಲ 'ವಿಚಾರಣೆ ನಡೀತಿದೆ' ಅನ್ನುತ್ತಾರೆ. ಅದು ಮುಗಿದ ಮೇಲೆ ಕೋರ್ಟಿಗೆ ಹೋದರೆ ಸಾಕಾ?

ಸಾಲದು. ಅದು ಮುಗಿಯುವ ತನಕ ಕಾಯಲೇಬೇಡಿ. ನಾನು ವಕೀಲನಲ್ಲ, ಇದೇ ತಪ್ಪು ಮಾಡಿ ಸ್ವಲ್ಪದರಲ್ಲಿ ಬಚಾವಾದವನು.

ಜನಾಂಗ, ಬಣ್ಣ, ಧರ್ಮ, ಲಿಂಗ, ಮೂಲ ದೇಶ, ಇವುಗಳ ಹೆಸರಲ್ಲಿ ಕೆಲಸದ ಕಡೆ ಭೇದ ಮಾಡಬಾರದು ಎನ್ನುವುದು 1964ರ ಸಿವಿಲ್ ರೈಟ್ಸ್ ಆಕ್ಟ್‌ನ ಟೈಟಲ್ ಸೆವೆನ್. ಅದರಡಿ ಕೇಸು ಹಾಕುವ ಮೊದಲು ಇಇಒಸಿ ಎಂಬ ಕೇಂದ್ರ ಸರ್ಕಾರದ ಆಯೋಗದಲ್ಲಿ 'ಚಾರ್ಜ್', ಅಂದರೆ ಸಹಿ ಹಾಕಿದ ಅಧಿಕೃತ ದೂರು, ದಾಖಲಿಸಬೇಕು. ಅದಕ್ಕೆ ಗಡುವು 180 ದಿನ. ನಿಮ್ಮ ರಾಜ್ಯದಲ್ಲೋ ಊರಲ್ಲೋ ಇಂಥ ಭೇದದ ವಿರುದ್ಧ ಕಾನೂನು ಜಾರಿ ಮಾಡುವ ಇಲಾಖೆ ಇದ್ದರೆ 300 ದಿನ. ಶನಿವಾರ, ಭಾನುವಾರ, ರಜೆ ಎಲ್ಲ ಲೆಕ್ಕಕ್ಕೆ ಸೇರುತ್ತವೆ.

ಎಣಿಕೆ ಶುರುವಾಗುವುದು ಯಾವಾಗ? ಇಲ್ಲೇ ಜಾಸ್ತಿ ಜನ ಎಡವುವುದು. 1980ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ರಿಕ್ಸ್ ಪ್ರಕರಣ ನೋಡಿ. ಅವರು ಡೆಲವೇರ್ ಸ್ಟೇಟ್ ಕಾಲೇಜಿನ ಪ್ರೊಫೆಸರ್, ಲೈಬೀರಿಯಾ ಮೂಲದವರು. ಕಾಲೇಜು ಅವರಿಗೆ ಕಾಯಂ ಹುದ್ದೆ ನಿರಾಕರಿಸಿ, ಇನ್ನೊಂದು ವರ್ಷ ಇದ್ದು ಹೋಗಿ ಎಂದಿತು. ಕೆಲಸ ಹೋದ ದಿನದಿಂದ ಎಣಿಸಬೇಕು ಎಂಬುದು ಅವರ ವಾದ. ಕೋರ್ಟ್ ಒಪ್ಪಲಿಲ್ಲ. ನಿರ್ಧಾರ ನಿಮಗೆ ತಿಳಿಸಿದ ದಿನದಿಂದಲೇ ಎಣಿಕೆ ಎಂದಿತು. ಅವರು ಕಾಲೇಜಿನೊಳಗೇ ಮೇಲ್ಮನವಿ ಹಾಕಿ ಕಾದಿದ್ದರು ಕೂಡ. ಅದರಿಂದಲೂ ಗಡುವು ನಿಲ್ಲುವುದಿಲ್ಲ ಎಂದಿತು. ನಿಮ್ಮ ಎಚ್‌ಆರ್ ವಿಚಾರಣೆಗೂ ಇದೇ ಮಾತು.

ನನ್ನದನ್ನು ಹೇಳುತ್ತೇನೆ. ಟೀಮ್ ಲೀಡ್ ಹುದ್ದೆಗೆ ನನ್ನ ಹೆಸರಿತ್ತು. ಮ್ಯಾನೇಜರ್ ಕರೆದು, "ನಿಮ್ಮ ಇಂಗ್ಲಿಷ್ ಕ್ಲೈಂಟ್‌ಗಳ ಕಿವಿಗೆ ಹಿಡಿಸಲ್ಲ" ಎಂದರು. ಅದೇ ಕ್ಲೈಂಟ್‌ಗಳ ಜೊತೆ ಆರು ವರ್ಷ ಫೋನಿನಲ್ಲಿ ಮಾತಾಡಿದವನು ನಾನೇ! ಮಾತಿನ ಧಾಟಿ ಕೆಲಸಕ್ಕೆ ನಿಜವಾಗಿ ಅಡ್ಡಿಯಾಗದಿದ್ದರೆ, ಅದನ್ನು ನೆಪ ಮಾಡುವುದು ಮೂಲ ದೇಶದ ಭೇದವೇ ಆಗಬಹುದು. ಆಗ ಇದೆಲ್ಲ ಗೊತ್ತಿರಲಿಲ್ಲ. ಎಚ್‌ಆರ್‌ಗೆ ಬರೆದೆ. ಅವರು ತುಂಬಾ ಸೌಜನ್ಯದಿಂದ ಏಳು ತಿಂಗಳು ಮೂಗಿಗೆ ತುಪ್ಪ ಸವರಿದರು.

ಆಮೇಲೆ ಗೆಳೆಯನೊಬ್ಬ ಎಚ್ಚರಿಸಿದ. ಇಇಒಸಿ ಪೋರ್ಟಲ್‌ನಲ್ಲಿ ವಿವರ ತುಂಬಿ, ಸದ್ಯ ಮುಗಿಯಿತು ಎಂದು ನಿರಾಳವಾದೆ. ಅದು ಎರಡನೇ ತಪ್ಪು. ಅಲ್ಲಿ ಮೊದಲು ತುಂಬುವುದು ಬರೀ ಪ್ರಾಥಮಿಕ ಮಾಹಿತಿಯ ಅರ್ಜಿ, ಚಾರ್ಜ್ ಅಲ್ಲ. ಅದಾದ ಮೇಲೆ ಸಂದರ್ಶನ, ನಂತರ ಅವರು ಸಿದ್ಧಪಡಿಸಿದ ಚಾರ್ಜ್ ಓದಿ ಸಹಿ ಹಾಕಬೇಕು. ನಾನು ಸಹಿ ಹಾಕಿದ್ದು 291ನೇ ದಿನ. ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಆದರೆ ಸಹಿಗೆ ಮೊದಲು ಒಬ್ಬ ವಕೀಲೆಗೆ ತೋರಿಸಿದ್ದು ಒಳ್ಳೆಯದಾಯಿತು.

ಯಾಕೆಂದರೆ ಚಾರ್ಜ್‌ನಲ್ಲಿ ಇಲ್ಲದ ವಿಷಯವನ್ನು ಮುಂದೆ ಕೋರ್ಟಿನಲ್ಲಿ ಎತ್ತುವುದು ಕಷ್ಟ. ನಾನು ಮೂಲ ದೇಶ ಎಂದಷ್ಟೇ ಗುರುತು ಮಾಡಿದ್ದೆ. ಆಕೆ ಕೇಳಿದರು: "ದೂರು ಕೊಟ್ಟ ಮೇಲೆ ಏನಾದರೂ ಬದಲಾಯಿತಾ?" ಆಗಿತ್ತು. ಅಷ್ಟು ವರ್ಷ ಚೆನ್ನಾಗಿದ್ದ ನನ್ನ ವಾರ್ಷಿಕ ರೇಟಿಂಗ್ ಮೊದಲ ಸಲ ಕುಸಿದಿತ್ತು. ಹಾಗಿದ್ದರೆ ಸೇಡಿನ ಕ್ರಮ ಅಂತಲೂ ಗುರುತು ಹಾಕಿ ಎಂದರು. ಭೇದ ಮಾಡಿದರು ಎಂದು ತೋರಿಸುವುದಕ್ಕಿಂತ, ದೂರಿಗೆ ಸೇಡು ತೀರಿಸಿದರು ಎಂದು ತೋರಿಸುವುದು ಎಷ್ಟೋ ಸಲ ಸುಲಭ. ತಾರೀಕುಗಳೇ ಕಥೆ ಹೇಳುತ್ತವೆ ಅಲ್ವಾ?

ಹಾಗಾಗಿ ಈಗಲೇ ಒಂದು ಪುಸ್ತಕದಲ್ಲಿ ಬರೆದಿಡಿ: ಯಾರು, ಯಾವತ್ತು, ಏನಂದರು, ಪಕ್ಕದಲ್ಲಿ ಯಾರಿದ್ದರು. ಆ ಹುದ್ದೆ ಕೊನೆಗೆ ಯಾರಿಗೆ ಹೋಯಿತು, ಅವರ ಅನುಭವ ಎಷ್ಟು. ಹಾಗಂತ ಕಂಪನಿಯ ಗುಟ್ಟಿನ ಫೈಲುಗಳನ್ನು ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಅದನ್ನೇ ಹಿಡಿದು ನಿಮ್ಮನ್ನು ಹೊರಹಾಕಬಹುದು.

ಚಾರ್ಜ್ ಬಿದ್ದ 10 ದಿನದೊಳಗೆ ಕಂಪನಿಗೆ ತಿಳಿಸುತ್ತಾರೆ. ಆಮೇಲಿನ ವಾರಗಳು ಹಿಂಸೆ. ಊಟಕ್ಕೆ ಜೊತೆಗೆ ಕೂರುತ್ತಿದ್ದವರು ಸುಮ್ನೆ ಬೇರೆ ಮೇಜು ಹುಡುಕಿಕೊಂಡರು. ನಮ್ಮದು ಮೀಡಿಯೇಷನ್‌ಗೆ, ಅಂದರೆ ಮಧ್ಯವರ್ತಿ ಮುಂದಿನ ರಾಜಿ ಮಾತುಕತೆಗೆ ಹೋಯಿತು. ಅದು ಪುಕ್ಕಟೆ, ಆದರೆ ಎರಡೂ ಕಡೆಯವರು ಒಪ್ಪಬೇಕು. ಒಂದೇ ಮಧ್ಯಾಹ್ನ, ನಾಲ್ಕು ಗಂಟೆ, ಅಲ್ಲೇ ಇತ್ಯರ್ಥ. ಎಷ್ಟಕ್ಕೆ ಅಂತ ಹೇಳುವಂತಿಲ್ಲ, ಸಹಿ ಹಾಕಿದ್ದೇನೆ. ಕೋಟಿಗಟ್ಟಲೆ ಅಂದುಕೊಳ್ಳಬೇಡಿ. ಟೈಟಲ್ ಸೆವೆನ್‌ನಲ್ಲಿ ಮಾನಸಿಕ ನೋವು ಮತ್ತು ದಂಡರೂಪದ ಪರಿಹಾರ ಸೇರಿ 15ರಿಂದ 100 ಜನರ ಕಂಪನಿಗೆ ಮಿತಿ 50,000 ಡಾಲರ್, 500ಕ್ಕಿಂತ ದೊಡ್ಡದಕ್ಕೆ 300,000. ತಪ್ಪಿಹೋದ ಸಂಬಳ ಇದಕ್ಕೆ ಸೇರುವುದಿಲ್ಲ.

ಮಾತುಕತೆ ಮುರಿದರೆ ಕಂಪನಿ ಲಿಖಿತ ಉತ್ತರ ಕೊಡುತ್ತದೆ. ಅದರ ಪ್ರತಿ ಕೇಳಿ ಪಡೆಯಿರಿ. ಕೊನೆಗೆ ದಾವೆ ಹೂಡುವ ಹಕ್ಕಿನ ನೋಟಿಸ್ ಬರುತ್ತದೆ. ಆಯೋಗ ಕೇಸು ಮುಚ್ಚಿತು ಎಂದು ಅದರಲ್ಲಿದ್ದರೂ ನೀವು ಸೋತಿರಿ ಎಂದಲ್ಲ. ಕೈಸೇರಿದ 90 ದಿನದೊಳಗೆ ಕೋರ್ಟಿಗೆ ಹೋಗಬಹುದು, ಆ 90 ದಾಟಿದರೆ ಬಾಗಿಲು ಮುಚ್ಚಿದ ಹಾಗೆ. ಚಾರ್ಜ್ ಬಿದ್ದು 180 ದಿನವಾದರೂ ಆಯೋಗ ಕೇಸು ಮುಗಿಸದಿದ್ದರೆ ನೋಟಿಸನ್ನು ನೀವೇ ಕೇಳಬಹುದು.

ಎಲ್ಲರಿಗೂ ಇದೇ ದಾರಿಯಲ್ಲ. ಟೈಟಲ್ ಸೆವೆನ್ ಅನ್ವಯಿಸಲು ಕಂಪನಿಯಲ್ಲಿ 15 ಜನವಾದರೂ ಇರಬೇಕು. ಗಂಡು ಹೆಣ್ಣಿಗೆ ಸಮಾನ ಸಂಬಳ ಎನ್ನುವ ಈಕ್ವಲ್ ಪೇ ಆಕ್ಟ್ ಕೆಳಗಿನ ಕೇಸಿಗೆ ಚಾರ್ಜ್ ಬೇಡ, ನೇರ ಕೋರ್ಟ್. ಕೇಂದ್ರ ಸರ್ಕಾರದ ನೌಕರರಿಗೆ ಬೇರೆ ವ್ಯವಸ್ಥೆ, 45 ದಿನದೊಳಗೆ ತಮ್ಮ ಇಲಾಖೆಯ ಇಇಒ (ಸಮಾನ ಉದ್ಯೋಗಾವಕಾಶ) ಸಲಹೆಗಾರರ ಬಳಿ ಹೋಗಬೇಕು.

ವೀಸಾ ಮೇಲಿದ್ದೀರಾ? ಕಾನೂನಿನ ರಕ್ಷಣೆ ನಿಮಗೂ ಇದೆ. ಆದರೆ ಚಾರ್ಜ್ ಹಾಕಿದ್ದೇನೆ ಎಂದು ವೀಸಾ ಮುಂದುವರಿಯುವುದಿಲ್ಲ. ಎಚ್-1ಬಿಯಲ್ಲಿ ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ. ಇದನ್ನು ವಲಸೆ ವಕೀಲರ ಜೊತೆ ಬೇರೆಯಾಗಿ ಮಾತಾಡಿ.

ಎಚ್‌ಆರ್‌ಗೆ ಬರೆದು ನಾಲ್ಕು ತಿಂಗಳು ಅಂದಿರಿ. ಬಡ್ತಿ ಇಲ್ಲ ಎಂದು ನಿಮಗೆ ಹೇಳಿದ್ದು ಯಾವತ್ತು? ಆ ಮೇಲ್ ಹುಡುಕಿ ತಾರೀಕು ನೋಡಿ. 180 ದಿನದ ರಾಜ್ಯವಾಗಿದ್ದರೆ ನಿಮ್ಮ ಬಳಿ ವಾರಗಳಷ್ಟೇ ಉಳಿದಿರಬಹುದು. ಇವತ್ತೇ ಪೋರ್ಟಲ್ ತೆರೆದು ಸಂದರ್ಶನಕ್ಕೆ ದಿನ ಗೊತ್ತು ಮಾಡಿಕೊಳ್ಳಿ.