ರಚನಾವಾದದ ರೀತಿಯಲ್ಲಿ ಪ್ರಾಥಮಿಕ ತರಗತಿಗೆ ವಿಜ್ಞಾನ ಕಲಿಸುವುದು ಹೇಗೆ?

ಮಗು ಲೋಕದ ಬಗ್ಗೆ ತನ್ನದೇ ವಿವರಣೆಗಳನ್ನು ಇಟ್ಟುಕೊಂಡೇ ತರಗತಿಗೆ ಬರುತ್ತದೆ ಎಂಬುದು ರಚನಾವಾದದ, ಅಂದರೆ ಕಲಿಯುವವರು ತಿಳಿವನ್ನು ತಾವೇ ಕಟ್ಟಿಕೊಳ್ಳುತ್ತಾರೆ ಎನ್ನುವ ವಾದದ, ಮೊದಲ ಮಾತು. ಇದಕ್ಕೆ ಬುನಾದಿ ಹಾಕಿದವರಲ್ಲಿ ಸ್ವಿಸ್ ಮನೋವಿಜ್ಞಾನಿ ಪಿಯಾಜೆ (1896–1980) ಪ್ರಮುಖರು. ಆದ್ದರಿಂದ ಪಾಠವು ವ್ಯಾಖ್ಯೆಯಿಂದಲ್ಲ, ಮಕ್ಕಳ ಊಹೆಯಿಂದ ಆರಂಭವಾಗಬೇಕು. 'ಭಾರವಾದದ್ದು ಮುಳುಗುತ್ತದೆ' ಎನ್ನುವ ಮಕ್ಕಳಿಂದಲೇ ಜೇಡಿಮಣ್ಣಿನ ಉಂಡೆಯನ್ನು ನೀರಿಗೆ ಹಾಕಿಸಿ, ಅದು ಮುಳುಗಿದ ಮೇಲೆ ಅಷ್ಟೇ ಮಣ್ಣನ್ನು ತೆಳುವಾದ ಬಟ್ಟಲಿನಂತೆ ತಟ್ಟಿ ನೀರಿನ ಮೇಲಿಡಲು ಹೇಳಿದರೆ, ತೂಕ ಅಷ್ಟೇ ಇದ್ದರೂ ಈಗ ತೇಲಿದ್ದೇಕೆ ಎಂಬ ಪ್ರಶ್ನೆ ಅವರಲ್ಲೇ ಹುಟ್ಟುತ್ತದೆ. ಆ ಕ್ಷಣದಲ್ಲಿ ಉತ್ತರ ಹೇಳಿಬಿಡದೆ ತಾಳಿಕೊಳ್ಳುವುದೇ ಶಿಕ್ಷಕರಿಗೆ ಕಷ್ಟದ ಕೆಲಸ. ಹಾಗೆಂದು ಸುಮ್ಮನೆ ಕೂರುವುದೂ ರಚನಾವಾದವಲ್ಲ: ಬಟ್ಟಲು ಎಷ್ಟು ನೀರನ್ನು ಬದಿಗೆ ಸರಿಸಿತು, ಉಂಡೆ ಎಷ್ಟು ಸರಿಸಿತು ಎಂದು ಕೇಳಿ ಗಮನ ಸೆಳೆಯದಿದ್ದರೆ ಚಟುವಟಿಕೆ ಬರಿಯ ಆಟವಾಗಿಯೇ ಉಳಿಯುತ್ತದೆ.