ಕಲಾ ಬಗಾಯಿಯವರ ಬದುಕು: ಹೊಸದಾಗಿ ಬಂದ ಸಹೋದರಿಗೆ

ಪ್ರಿಯ ಸಹೋದರಿ,

ಗಂಡನ ಉದ್ಯೋಗಕ್ಕಾಗಿ ಚಿಕ್ಕ ಮಗುವಿನೊಂದಿಗೆ ಮೈಸೂರಿನಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದಿರುವ ನೀವು, ಎಚ್-4 ಎಂಬ ಅವಲಂಬಿತರ ವೀಸಾದ ಕಾರಣ ದುಡಿಯಲು ಅನುಮತಿಯಿಲ್ಲದೆ ದಿನವೆಲ್ಲ ಮನೆಯೊಳಗೇ ಕಳೆಯಬೇಕಾಗಿದೆ, ಈ ಊರು ಎಂದಾದರೂ ನಮ್ಮದೆನಿಸುವುದೇ ಎಂದು ಕೇಳಿದ್ದೀರಿ. ಇಲ್ಲಿಯೇ ಮಕ್ಕಳನ್ನು ಬೆಳೆಸಿದವಳಾಗಿ ನನ್ನ ಕಥೆಯನ್ನೇ ಹೇಳಬಹುದಿತ್ತು. ಆದರೂ ನಮಗಿಂತ ಬಹಳ ಮೊದಲು ಇದೇ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ ಸಂಸಾರ ಹೂಡಿದ ಕಲಾ ಬಗಾಯಿ ಎಂಬ ತಾಯಿಯ ಬದುಕು ನಿಮ್ಮ ಪ್ರಶ್ನೆಗೆ ಹೆಚ್ಚು ಪ್ರಾಮಾಣಿಕವಾದ ಉತ್ತರವೆಂದು ನನಗೆ ತೋರುತ್ತದೆ.

ಅಮೃತಸರದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಪೆಶಾವರದ ವೈಷ್ಣೋ ದಾಸ್ ಬಗಾಯಿಯವರ ಕೈಹಿಡಿದ ಅವರು, 1915ರ ಸೆಪ್ಟೆಂಬರಿನಲ್ಲಿ ಗಂಡ ಮತ್ತು ಮೂವರು ಗಂಡುಮಕ್ಕಳೊಂದಿಗೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದರು. ಮೊದಲು ಏಂಜೆಲ್ ದ್ವೀಪದ ವಲಸೆ ಠಾಣೆಯಲ್ಲಿ ಅವರನ್ನು ತಡೆದಿರಿಸಲಾಯಿತು. ಭಾರತದ ಹೆಣ್ಣುಮಕ್ಕಳು ಇಲ್ಲಿ ತೀರ ವಿರಳವಾಗಿದ್ದ ಆ ಕಾಲದಲ್ಲಿ ಸ್ಥಳೀಯ ಪತ್ರಿಕೆಯೊಂದು ಅವರ ಮೂಗುತಿಯನ್ನೇ ಸುದ್ದಿಯಾಗಿಸಿತು. ಮುಂದೆ ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನು ಸಮೇತ ಹೋದ ದಿನ, ಇವರು ಒಳಗೆ ಕಾಲಿಡದಂತೆ ನೆರೆಯವರು ಆ ಮನೆಗೆ ಬೀಗ ಹಾಕಿದ್ದರು. ಇಂಥವರ ನಡುವೆ ನನ್ನ ಮಕ್ಕಳಿಗೆ ಏನಾದರೂ ಆದೀತೆಂದು ಆ ತಾಯಿ ಅಲ್ಲಿ ಇರಲು ಒಪ್ಪಲಿಲ್ಲ. ಇದನ್ನು ಹೇಡಿತನವೆಂದು ನಾನು ಎಂದೂ ಭಾವಿಸಿಲ್ಲ. ಕೈಯಲ್ಲಿ ಮಗುವಿರುವವರು ಮೊದಲು ಯೋಚಿಸುವುದೇ ಹಾಗೆ.

ವೈಷ್ಣೋ ದಾಸ್ 1921ರಲ್ಲಿ ಅಮೆರಿಕದ ಪೌರರಾದರು. ಎರಡೇ ವರ್ಷಕ್ಕೆ, 1923ರಲ್ಲಿ, ಪೌರತ್ವ ಕೋರಿದ್ದ ಭಗತ್ ಸಿಂಗ್ ಥಿಂದ್ ಎಂಬ ಭಾರತೀಯರ ಪ್ರಕರಣದಲ್ಲಿ, ಭಾರತೀಯರು ಪೌರತ್ವ ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ, ಆದ್ದರಿಂದ ಪೌರರಾಗಲು ಅರ್ಹರಲ್ಲವೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು; ಪೌರತ್ವ ಪಡೆದಿದ್ದವರಿಂದಲೂ ಸರ್ಕಾರ ಅದನ್ನು ಹಿಂದಕ್ಕೆ ಪಡೆಯತೊಡಗಿತು. ಪೌರರಾಗಲು ಅರ್ಹತೆಯಿಲ್ಲದವರು ಭೂಮಿ ಹೊಂದಬಾರದೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಇದ್ದುದರಿಂದ ಮನೆ, ಅಂಗಡಿ ಎರಡೂ ಕೈಬಿಟ್ಟವು. ಭಾರತಕ್ಕೆ ಹೋಗಿಬರಲು ಅಮೆರಿಕದ ಪಾಸ್‌ಪೋರ್ಟ್ ಕೂಡ ಸಿಗಲಿಲ್ಲ. 1928ರಲ್ಲಿ ವೈಷ್ಣೋ ದಾಸ್ ಆತ್ಮಹತ್ಯೆ ಮಾಡಿಕೊಂಡರು. ಚಿನ್ನದ ಪಂಜರದಲ್ಲಿ ಬದುಕುವುದರಲ್ಲಿ ಏನರ್ಥವೆಂದು ಕೇಳಿದ ಅವರ ಕೊನೆಯ ಪತ್ರ ಪತ್ರಿಕೆಯಲ್ಲಿ ಅಚ್ಚಾಯಿತು.

ಈ ಕುಟುಂಬದ ಕಥೆ ಹೇಳುವವರಲ್ಲಿ ಅನೇಕರು ಆ ಪತ್ರಕ್ಕೇ ನಿಂತುಬಿಡುತ್ತಾರೆ. ನನಗದು ಅನ್ಯಾಯವೆನಿಸುತ್ತದೆ, ಏಕೆಂದರೆ ಕಲಾ ಬಗಾಯಿ ಅದಾದ ಮೇಲೆ 55 ವರ್ಷ ಬದುಕಿದರು. ಆಸರೆಗೆ ತವರಿಲ್ಲದ, ತನ್ನನ್ನು ಪೌರಳೆಂದು ಒಪ್ಪದ ದೇಶದಲ್ಲಿ ಆ ವಿಧವೆ ಊರಿಗೆ ಮರಳದೆ ಮೂವರು ಮಕ್ಕಳನ್ನೂ ಕಾಲೇಜು ಓದಿಸಿದರು. ರಾತ್ರಿ ಶಾಲೆಗೆ ಹೋಗಿ ತಾವೂ ಕಲಿತರು. 1934ರಲ್ಲಿ ಕುಟುಂಬದ ಸ್ನೇಹಿತರಾದ ಮಹೇಶ ಚಂದ್ರರನ್ನು ಮದುವೆಯಾದರು. ಆ ಪೀಳಿಗೆಯ ಹಿಂದೂ ವಿಧವೆಗೆ ಅದೆಷ್ಟು ದಿಟ್ಟ ನಿರ್ಧಾರವಾಗಿತ್ತೆಂಬುದನ್ನು ನಮ್ಮ ಅಜ್ಜಿಯರ ಕಾಲವನ್ನು ಬಲ್ಲ ನಿಮಗೆ ವಿವರಿಸಬೇಕಿಲ್ಲ. ಭಾರತೀಯರಿಗೆ ಪೌರತ್ವದ ಬಾಗಿಲು ಮತ್ತೆ ತೆರೆದದ್ದು 1946ರ ಲ್ಯೂಸ್-ಸೆಲರ್ ಕಾಯಿದೆಯಿಂದ. ಆ ಬಳಿಕ ಅವರೂ ಪೌರರಾದರು. ಲಾಸ್ ಏಂಜಲಿಸ್‌ನಲ್ಲಿ ನೆಲೆಸಿದ ಅವರು, ಹೊಸದಾಗಿ ಬಂದ ಭಾರತೀಯರನ್ನು ಮನೆಗೆ ಕರೆದು, ಊಟವಿಕ್ಕಿ, ಹತ್ತು ಜನರನ್ನು ಒಂದೆಡೆ ಸೇರಿಸುತ್ತಿದ್ದರು. 1983ರಲ್ಲಿ ತೀರಿಕೊಂಡರು. ಒಮ್ಮೆ ಮನೆಯ ಬಾಗಿಲಿಗೇ ಬೀಗ ಹಾಕಿದ್ದ ಬರ್ಕ್ಲಿ ನಗರ, 2020ರಲ್ಲಿ ತನ್ನ ನಡುಪೇಟೆಯ ಒಂದು ಬೀದಿಗೆ ಅವರ ಹೆಸರಿಡಲು ತೀರ್ಮಾನಿಸಿತು. ಫ್ರೀಮಾಂಟ್‌ನಿಂದ ಬಾರ್ಟ್ ರೈಲು ಹತ್ತಿದರೆ ಅಲ್ಲಿಗೆ ಹೋಗಿ ನೋಡಿ ಬರಬಹುದು.

ಅವರ ಕಷ್ಟ ದೊಡ್ಡದು, ನಿಮ್ಮದು ಸಣ್ಣದು ಎಂದು ನಾನು ಅಳೆಯುತ್ತಿಲ್ಲ. ನಿಮ್ಮ ಸಂಕಟದಲ್ಲಿ ಕಾನೂನು ತಂದಿಟ್ಟ ಪಾಲು ಎಷ್ಟೆಂಬುದನ್ನು ಬೇರ್ಪಡಿಸಿ ನೋಡಿ. ಆ ಪಾಲಿಗೆ ನಿಮ್ಮನ್ನೇ ದೂಷಿಸಿಕೊಳ್ಳಬೇಡಿ. 2015ರ ನಿಯಮದ ಪ್ರಕಾರ, ಗಂಡನ ಗ್ರೀನ್ ಕಾರ್ಡ್‌ಗಾಗಿ (ಕಾಯಂ ವಾಸದ ಪರವಾನಗಿಗಾಗಿ) ಅವರ ಕಂಪನಿ ಸಲ್ಲಿಸುವ ಐ-140 ಅರ್ಜಿ ಮಂಜೂರಾಗಿದ್ದರೆ ನೀವು ಕೆಲಸದ ಪರವಾನಗಿ ಕೇಳಬಹುದು. ಅರ್ಜಿ ಹಾಕುವಾಗ ಯಾವ ನಿಯಮ ಜಾರಿಯಲ್ಲಿದೆಯೆಂದು ವಕೀಲರಲ್ಲಿ ವಿಚಾರಿಸಿಕೊಳ್ಳಿ. ಅಲ್ಲಿಯವರೆಗೆ ಓದಲು ಎಚ್-4 ಅಡ್ಡಿಯಲ್ಲ, ಮತ್ತು ಓಲೋನಿ ಕಾಲೇಜು ನಿಮ್ಮ ಊರಿನಲ್ಲೇ ಇದೆ. ಯಾವ ವಿಷಯ ಓದಬೇಕೆಂದಿದ್ದೀರಿ ಎಂದು ಬರೆಯಿರಿ. ತರಗತಿಯ ಹೊತ್ತಿನಲ್ಲಿ ಮಗುವನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋಗಬಹುದು.